ಹಾಲೂಡಿಸುವ ತಾಯಿಗೆ ಕಾನೂನಿನ ಆಸರೆ: ಬಸ್ ನಿಲ್ದಾಣದಿಂದ ಕಚೇರಿಯವರೆಗೆ ಹಂತ ಹಂತದ ಮಾರ್ಗದರ್ಶಿ

ಹೆರಿಗೆ ರಜೆ ಮುಗಿಸಿ ಕೆಲಸಕ್ಕೆ ಮರಳಿದ ಎಷ್ಟೋ ತಾಯಂದಿರು ಕೂಸಿಗೆ ಹಾಲೂಡಿಸಲು ಸಮಯ ಬೇಕೆಂದು ಕೇಳುವುದೇ ಇಲ್ಲ. ಕೇಳಿದವರೂ ದಾಕ್ಷಿಣ್ಯದಿಂದ, ಸಣ್ಣ ದನಿಯಲ್ಲಿ, ಉಪಕಾರ ಬೇಡುವವರ ಹಾಗೆ ಕೇಳುತ್ತಾರೆ. ಮೇಲಧಿಕಾರಿ "ನೋಡೋಣ" ಎನ್ನುತ್ತಾರೆ. ಆ "ನೋಡೋಣ"ದಲ್ಲಿಯೇ ಕೂಸಿಗೆ ವರ್ಷ ತುಂಬುತ್ತದೆ. ಆದರೆ ಕೆಲಸದ ವೇಳೆಯಲ್ಲಿ ಹಾಲೂಡಿಸಲು ವಿರಾಮ ಕೊಡಲೇಬೇಕೆಂಬ ನಿಯಮ ನಮ್ಮ ದೇಶದಲ್ಲಿ 1961ರಿಂದಲೂ ಇದೆ. ಬಾಯಿಮಾತಿನಲ್ಲಿ ಕೇಳಿದಾಗ ಅದು ಅನುಗ್ರಹವಾಗಿಬಿಡುತ್ತದೆ, ಬರೆದು ಕೇಳಿದಾಗ ಮಾತ್ರ ಹಕ್ಕಾಗಿ ಉಳಿಯುತ್ತದೆ. ಈ ಮಾರ್ಗದರ್ಶಿಯ ಬಹುಭಾಗ ಆ ಬರವಣಿಗೆಯ ಬಗ್ಗೆಯೇ ಇದೆ.

ಒಂದು ವ್ಯತ್ಯಾಸವನ್ನು ಮೊದಲೇ ತಿಳಿದಿರಬೇಕು. ಕೆಲಸದ ಸ್ಥಳದಲ್ಲಿ ಕಾನೂನು ಗಟ್ಟಿಯಾಗಿದೆ: ಕಲಮು, ಅವಧಿ, ದೂರು ಕೊಡುವ ಅಧಿಕಾರಿ ಎಲ್ಲವೂ ಇವೆ. ಬಸ್ ನಿಲ್ದಾಣ, ಉದ್ಯಾನ, ಹೋಟೆಲುಗಳ ವಿಷಯದಲ್ಲಿ ಅಷ್ಟು ನೇರವಾದ ಕಾಯ್ದೆ ಇಲ್ಲ. ಅಲ್ಲಿ ಸಂವಿಧಾನ, ನ್ಯಾಯಾಲಯದ ತೀರ್ಪುಗಳು ಮತ್ತು ದಂಡ ಸಂಹಿತೆಯ ಕೆಲವು ಕಲಮುಗಳನ್ನು ಸೇರಿಸಿಕೊಂಡು ನಿಲ್ಲಬೇಕಾಗುತ್ತದೆ.

ಹಂತ 1: ಯಾವ ಕಾನೂನು ನಿಮಗೆ ಅನ್ವಯಿಸುತ್ತದೆ ಎಂದು ತಿಳಿಯಿರಿ

2025ರ ನವೆಂಬರ್ 21ರವರೆಗೆ ಹೆರಿಗೆ ಸೌಲಭ್ಯ ಕಾಯ್ದೆ, 1961 ಜಾರಿಯಲ್ಲಿತ್ತು. ಆ ದಿನದಿಂದ ಅದರ ಜಾಗದಲ್ಲಿ ಸಾಮಾಜಿಕ ಭದ್ರತಾ ಸಂಹಿತೆ, 2020 ಬಂದಿದೆ. ಹೆಸರು ಮತ್ತು ಕಲಮಿನ ಸಂಖ್ಯೆ ಬದಲಾದರೂ ತಿರುಳು ಹಾಗೆಯೇ ಉಳಿದಿದೆ. ಕಚೇರಿಯ ಸಿಬ್ಬಂದಿ ವಿಭಾಗದವರು "ಆ ಕಾಯ್ದೆ ಈಗ ಇಲ್ಲವಲ್ಲ" ಎಂದರೆ ಗಾಬರಿಯಾಗಬೇಡಿ. ಹಳೆಯ ಕಾಯ್ದೆಯ 11ನೇ ಕಲಮಿನಲ್ಲಿದ್ದ ಹಾಲೂಡಿಸುವ ವಿರಾಮ ಈಗ ಸಂಹಿತೆಯ 66ನೇ ಕಲಮಿನಲ್ಲಿದೆ. ಶಿಶುಪಾಲನಾ ಕೇಂದ್ರದ ವಿಷಯ 67ನೆಯದರಲ್ಲಿದೆ.

ಕಾರ್ಖಾನೆ, ಗಣಿ ಮತ್ತು ತೋಟಗಳಿಗೆ, ಹಾಗೂ ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಅಂಗಡಿ, ಸಂಸ್ಥೆಗಳಿಗೆ ಹೆರಿಗೆ ಸೌಲಭ್ಯದ ಅಧ್ಯಾಯ ಅನ್ವಯಿಸುತ್ತದೆ. ದಿನಗೂಲಿಯವರು, ಗುತ್ತಿಗೆಯವರು ತಮಗೆ ಇದು ಸಲ್ಲುವುದಿಲ್ಲ ಎಂದುಕೊಂಡು ಸುಮ್ಮನಿರುತ್ತಾರೆ. ಹಾಗಿರಬೇಕಾಗಿಲ್ಲ. ದೆಹಲಿ ಮಹಾನಗರ ಪಾಲಿಕೆಯ ದಿನಗೂಲಿ ಮಹಿಳೆಯರಿಗೂ ಹೆರಿಗೆ ಸೌಲಭ್ಯ ಸಲ್ಲಬೇಕೆಂದು ಸುಪ್ರೀಂ ಕೋರ್ಟ್ 2000ದಲ್ಲಿಯೇ ಹೇಳಿದೆ. ಗುತ್ತಿಗೆಯ ಅವಧಿ ಮುಗಿದರೂ ಹೆರಿಗೆ ಸೌಲಭ್ಯ ನಿಲ್ಲುವುದಿಲ್ಲವೆಂದು 2023ರಲ್ಲಿ ತೀರ್ಪು ಕೊಟ್ಟಿದೆ.

ಸರ್ಕಾರಿ ನೌಕರರು ಮೊದಲು ತಮ್ಮ ಸೇವಾ ನಿಯಮಗಳನ್ನು ನೋಡಬೇಕು. ಕರ್ನಾಟಕ ಸರ್ಕಾರದ ಮಹಿಳಾ ನೌಕರರಿಗೆ 180 ದಿನಗಳ ಹೆರಿಗೆ ರಜೆಯ ಜೊತೆಗೆ 2021ರಿಂದ 180 ದಿನಗಳ ಶಿಶುಪಾಲನಾ ರಜೆಯೂ ಇದೆ. ಕೇಂದ್ರ ಸರ್ಕಾರದ ನೌಕರರಿಗೆ ಇಡೀ ಸೇವಾವಧಿಯಲ್ಲಿ 730 ದಿನಗಳ ಶಿಶುಪಾಲನಾ ರಜೆ ಸಿಗುತ್ತದೆ.

ಮನೆಗೆಲಸದವರು, ಬೀದಿ ವ್ಯಾಪಾರಿಗಳು, ಇಬ್ಬರು ಮೂವರು ಕೆಲಸಗಾರರಿರುವ ಸಣ್ಣ ಅಂಗಡಿಯವರು ಈ ವಿರಾಮದ ನಿಯಮದ ಹೊರಗೇ ಉಳಿದಿದ್ದಾರೆ. ಇದು ಕಾನೂನಿನ ದೊಡ್ಡ ಲೋಪ. ಹಾಲೂಡಿಸುವ ಅಗತ್ಯ ಅವರಿಗೇನೂ ಕಡಿಮೆ ಇಲ್ಲ. ಗ್ರಾಮೀಣ ಉದ್ಯೋಗ ಖಾತ್ರಿ ಕೂಲಿಕಾರರ ಮಕ್ಕಳಿಗಾಗಿ ರಾಜ್ಯ ಸರ್ಕಾರ 2023-24ರ ಬಜೆಟ್ಟಿನಲ್ಲಿ "ಕೂಸಿನ ಮನೆ" ಎಂಬ ಶಿಶುಪಾಲನಾ ಕೇಂದ್ರಗಳ ಯೋಜನೆಯನ್ನು ಘೋಷಿಸಿತು. ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ಅದು ನಡೆಯುತ್ತಿದೆಯೇ ಎಂದು ವಿಚಾರಿಸಿ.

ಹಂತ 2: ರಜೆಯ ಲೆಕ್ಕವನ್ನು ಹೆರಿಗೆಗೆ ಮೊದಲೇ ಹಾಕಿ

ಮೊದಲ ಎರಡು ಮಕ್ಕಳಿಗೆ 26 ವಾರಗಳ ರಜೆ. ಅದರಲ್ಲಿ ಹೆರಿಗೆಗೆ ಮೊದಲು ಗರಿಷ್ಠ 8 ವಾರ ತೆಗೆದುಕೊಳ್ಳಬಹುದು. ಈಗಾಗಲೇ ಇಬ್ಬರು ಮಕ್ಕಳಿದ್ದರೆ ಸಿಗುವುದು 12 ವಾರ ಮಾತ್ರ. ಹೆರಿಗೆಯ ನಿರೀಕ್ಷಿತ ದಿನಕ್ಕೆ ಹಿಂದಿನ 12 ತಿಂಗಳುಗಳಲ್ಲಿ ಕನಿಷ್ಠ 80 ದಿನ ಕೆಲಸ ಮಾಡಿರಬೇಕು. ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ವ್ಯಾಪ್ತಿಯಲ್ಲಿರುವವರಿಗೆ ರಜೆಯ ಹಣ ಇಎಸ್‌ಐ ನಿಗಮದಿಂದ ಬರುತ್ತದೆ. ಅವರ ಅರ್ಹತೆಯ ಲೆಕ್ಕ ಬೇರೆ, ಅದನ್ನು ಶಾಖಾ ಕಚೇರಿಯಲ್ಲಿ ಕೇಳಿ ತಿಳಿಯಿರಿ.

ಈ ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಮೊದಲ ಆರು ತಿಂಗಳು ಕೂಸಿಗೆ ಎದೆಹಾಲು ಬಿಟ್ಟು ಬೇರೇನೂ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೆರಿಗೆಗೆ ಮೊದಲೇ 8 ವಾರ ರಜೆ ಹಾಕಿದರೆ ಹೆರಿಗೆಯ ನಂತರ ಉಳಿಯುವುದು 18 ವಾರ. ಅಂದರೆ ಕೂಸಿಗೆ ನಾಲ್ಕು ತಿಂಗಳು ಕಳೆಯುತ್ತಿದ್ದಂತೆ ನೀವು ಕೆಲಸಕ್ಕೆ ಹೋಗಬೇಕು. ಬೇರೆ ಆಹಾರ ಶುರುವಾಗಲು ಇನ್ನೂ ಎರಡು ತಿಂಗಳು ಇರುತ್ತದೆ. ಆರೋಗ್ಯ ಚೆನ್ನಾಗಿದ್ದು, ವೈದ್ಯರೂ ಒಪ್ಪಿದರೆ ಹೆರಿಗೆಗೆ ಮೊದಲಿನ ರಜೆಯನ್ನು ಕಡಿಮೆ ಮಾಡಿ ನಂತರಕ್ಕೆ ಉಳಿಸಿಕೊಳ್ಳುವುದು ಒಳ್ಳೆಯದು. ಗಳಿಕೆ ರಜೆ ಇದ್ದರೆ ಅದನ್ನೂ ಹೆರಿಗೆ ರಜೆಯ ಬೆನ್ನಿಗೆ ಸೇರಿಸಲು ಅರ್ಜಿ ಕೊಡಿ. ಮನೆಯಿಂದ ಮಾಡಬಹುದಾದ ಕೆಲಸವಾದರೆ, ರಜೆ ಮುಗಿದ ಮೇಲೆ ಇಬ್ಬರೂ ಒಪ್ಪಿದ ಷರತ್ತುಗಳ ಮೇಲೆ ಮನೆಯಿಂದಲೇ ಕೆಲಸ ಮಾಡಲು ಕಾನೂನು ಅವಕಾಶ ಕೊಟ್ಟಿದೆ. ಆದರೆ ಅದಕ್ಕೆ ಮಾಲೀಕರ ಒಪ್ಪಿಗೆ ಬೇಕು, ಹಟದಿಂದ ಪಡೆಯಲು ಬರುವುದಿಲ್ಲ.

ಹಂತ 3: ಹಾಲೂಡಿಸುವ ವಿರಾಮವನ್ನು ಬರೆದು ಕೇಳಿ

66ನೇ ಕಲಮಿನ ಪ್ರಕಾರ ಹೆರಿಗೆಯ ನಂತರ ಕೆಲಸಕ್ಕೆ ಮರಳಿದ ತಾಯಿಗೆ ಊಟದ ವಿರಾಮವಲ್ಲದೆ ದಿನಕ್ಕೆ ಎರಡು ವಿರಾಮಗಳು ಸಿಗಬೇಕು. ಕೂಸಿಗೆ 15 ತಿಂಗಳು ತುಂಬುವವರೆಗೆ ಈ ಹಕ್ಕು ಇರುತ್ತದೆ. ವಿರಾಮದ ಅವಧಿಯನ್ನು ನಿಯಮಗಳು ಹೇಳುತ್ತವೆ. ಗಣಿಗಳಿಗೆ ಅನ್ವಯಿಸುವ 1963ರ ಕೇಂದ್ರ ನಿಯಮಗಳಲ್ಲಿ ಒಂದೊಂದು ವಿರಾಮಕ್ಕೆ 15 ನಿಮಿಷವೆಂದಿತ್ತು, ಕೂಸು ಇರುವಲ್ಲಿಗೆ ಹೋಗಿಬರುವ ಸಮಯ ಅದಕ್ಕೆ ಹೊರತಾಗಿತ್ತು. ಹೋಗಿಬರುವ ಸಮಯವನ್ನು ಬೇರೆಯಾಗಿ ಕೇಳುವುದನ್ನು ಮರೆಯಬೇಡಿ. ಹದಿನೈದು ನಿಮಿಷದಲ್ಲಿ ಮೂರು ಮಹಡಿ ಇಳಿದು, ಹಾಲೂಡಿಸಿ, ತೇಗು ತರಿಸಿ, ಮತ್ತೆ ಮೇಲೆ ಹತ್ತಿ ಬರಲು ಯಾವ ತಾಯಿಗೂ ಆಗದು.

ಇನ್ನೊಂದು ಮುಖ್ಯ ಅಂಶ, ಈ ವಿರಾಮಕ್ಕಾಗಿ ಸಂಬಳ ಕಡಿತ ಮಾಡುವಂತಿಲ್ಲ. ಸಂಹಿತೆಯ 69ನೇ ಕಲಮು ಇದನ್ನು ಹೇಳುತ್ತದೆ. ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ನೇರ ಕಡಿತಕ್ಕಿಂತ ಗಂಟೆಯ ಟಾರ್ಗೆಟ್ಟಿನ ಒತ್ತಡವೇ ಹೆಚ್ಚು ಕಾಡುತ್ತದೆ. ವಿರಾಮಕ್ಕೆ ಹೋಗಿ ಬಂದವಳ ಎದುರಿಗೆ ತುಂಡುಗಳು ರಾಶಿ ಬಿದ್ದಿರುತ್ತವೆ, ಹಿಂದಿನವರು ಗೊಣಗುತ್ತಾರೆ, ಸೂಪರ್‌ವೈಸರ್ ಕೂಗುತ್ತಾರೆ. ಆದ್ದರಿಂದ ಪತ್ರದಲ್ಲಿಯೇ "ವಿರಾಮದ ಅವಧಿಯನ್ನು ಉತ್ಪಾದನಾ ಗುರಿಯ ಲೆಕ್ಕದಿಂದ ಬಿಡಬೇಕು" ಎಂಬ ಸಾಲನ್ನು ಸೇರಿಸಿ.

ಕೆಲಸಕ್ಕೆ ಮರಳುವ ಎರಡು ಮೂರು ವಾರ ಮೊದಲೇ ಈ ಮಾದರಿಯಲ್ಲಿ ಪತ್ರ ಅಥವಾ ಇಮೇಲ್ ಕಳುಹಿಸಿ:

"ಮಾನ್ಯರೇ,
ಹೆರಿಗೆ ರಜೆ ಮುಗಿಸಿ ದಿನಾಂಕ ______ರಿಂದ ಕೆಲಸಕ್ಕೆ ಹಾಜರಾಗುತ್ತಿದ್ದೇನೆ. ನನ್ನ ಮಗು ದಿನಾಂಕ ______ರಂದು ಜನಿಸಿದ್ದು, ದಿನಾಂಕ ______ಕ್ಕೆ 15 ತಿಂಗಳು ತುಂಬುತ್ತದೆ. ಸಾಮಾಜಿಕ ಭದ್ರತಾ ಸಂಹಿತೆ, 2020ರ 66ನೇ ಕಲಮಿನ ಪ್ರಕಾರ ಅಲ್ಲಿಯವರೆಗೆ ಪ್ರತಿದಿನ ಎರಡು ವಿರಾಮಗಳನ್ನು ಪಡೆಯುತ್ತೇನೆ. ಬೆಳಿಗ್ಗೆ 11 ಗಂಟೆ ಮತ್ತು ಮಧ್ಯಾಹ್ನ 3.30 ನನಗೆ ಅನುಕೂಲವಾದ ಸಮಯ. ಈ ಅವಧಿಯಲ್ಲಿ ಹಾಲೂಡಿಸಲು ಅಥವಾ ಹಾಲು ಹಿಂಡಿ ಶೇಖರಿಸಲು ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಸ್ವಚ್ಛವಾದ ಕೊಠಡಿಯನ್ನು, ಶೌಚಾಲಯವನ್ನು ಬಿಟ್ಟು, ಒದಗಿಸಬೇಕೆಂದು ಕೋರುತ್ತೇನೆ. 69ನೇ ಕಲಮಿನ ಪ್ರಕಾರ ಈ ವಿರಾಮಕ್ಕೆ ವೇತನ ಕಡಿತ ಇರುವುದಿಲ್ಲವೆಂದು ಲಿಖಿತವಾಗಿ ದೃಢಪಡಿಸಬೇಕಾಗಿ ವಿನಂತಿ.
ತಮ್ಮ ವಿಶ್ವಾಸಿ"

"ಪಡೆಯಬಹುದೇ" ಎಂದು ಕೇಳದೆ "ಪಡೆಯುತ್ತೇನೆ" ಎಂದೇ ಬರೆಯಿರಿ. ಕಾಗದದಲ್ಲಿ ಕೊಟ್ಟರೆ ಪ್ರತಿಯ ಮೇಲೆ ಸ್ವೀಕೃತಿಯ ಮುದ್ರೆ ಮತ್ತು ದಿನಾಂಕ ಹಾಕಿಸಿಕೊಳ್ಳಿ. ಹಾಕಲು ಒಪ್ಪದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ, ರಸೀದಿಯನ್ನು ಜೋಪಾನ ಮಾಡಿ. ಕಚೇರಿಯ ಇಮೇಲಿನಿಂದ ಕಳುಹಿಸುವಾಗ ನಿಮ್ಮ ಸ್ವಂತ ವಿಳಾಸಕ್ಕೂ ಒಂದು ಪ್ರತಿ ಹಾಕಿ. ಕೆಲಸ ಬಿಟ್ಟ ದಿನವೇ ಕಚೇರಿಯ ಇಮೇಲ್ ಮುಚ್ಚಿಹೋಗುತ್ತದೆ.

ಹಾಲು ಹಿಂಡಿ ಇಡುವುದರ ಬಗ್ಗೆ ನಮ್ಮ ಕಾನೂನು ಪ್ರತ್ಯೇಕವಾಗಿ ಮಾತನಾಡುವುದಿಲ್ಲ. ಕೂಸು ಹತ್ತು ಮೈಲಿ ದೂರದ ಮನೆಯಲ್ಲಿರುವಾಗ ಹಾಲು ಹಿಂಡಿ ಕಳುಹಿಸುವುದೂ ಕೂಸಿಗೆ ಹಾಲೂಡಿಸುವ ಕೆಲಸವೇ ಎಂಬುದು ನನ್ನ ದೃಢವಾದ ಅಭಿಪ್ರಾಯ, ಅದಕ್ಕಾಗಿಯೇ ಪತ್ರದಲ್ಲಿ ಅದನ್ನು ಸೇರಿಸಿದ್ದೇನೆ. ಹಿಂಡಿದ ಹಾಲು ತಂಪಾದ ಕೋಣೆಯ ಉಷ್ಣತೆಯಲ್ಲಿ ನಾಲ್ಕು ಗಂಟೆ, ಫ್ರಿಜ್ಜಿನಲ್ಲಿ ನಾಲ್ಕು ದಿನ ಕೆಡದೆ ಇರುತ್ತದೆ. ಕಲಬುರಗಿಯ ಬೇಸಿಗೆಯಲ್ಲಿ ಈ ನಾಲ್ಕು ಗಂಟೆಯನ್ನು ನಂಬಬೇಡಿ, ಐಸ್ ಪ್ಯಾಕ್ ಇರುವ ಚೀಲ ಒಯ್ಯಿರಿ. ಬಾಟಲಿಯ ಮೇಲೆ ಹೆಸರು, ದಿನಾಂಕ, ಗಂಟೆ ಬರೆದು ಕಚೇರಿಯ ಫ್ರಿಜ್ಜಿನಲ್ಲಿಡಿ.

ಹಂತ 4: ಶಿಶುಪಾಲನಾ ಕೇಂದ್ರ ಇದೆಯೇ ಎಂದು ಕೇಳಿ

50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಯಲ್ಲಿ ಶಿಶುಪಾಲನಾ ಕೇಂದ್ರದ ವ್ಯವಸ್ಥೆ ಇರಲೇಬೇಕು. ಇಲ್ಲಿ ಎಣಿಸಬೇಕಾದದ್ದು ಒಟ್ಟು ನೌಕರರನ್ನು, ಹೆಂಗಸರನ್ನು ಮಾತ್ರವಲ್ಲ. "ನಮ್ಮಲ್ಲಿ ಹೆಂಗಸರು ಹತ್ತೇ ಜನ" ಎಂಬ ಸಬೂಬು ನಿಲ್ಲುವುದಿಲ್ಲ. ಸಂಸ್ಥೆ ತನ್ನದೇ ಕೇಂದ್ರವನ್ನು ನಡೆಸಬಹುದು, ಇಲ್ಲವೇ ಇತರ ಸಂಸ್ಥೆಗಳ ಜೊತೆ ಸೇರಿ ಅಥವಾ ಸರ್ಕಾರದ, ಪುರಸಭೆಯ, ಖಾಸಗಿಯವರ ಕೇಂದ್ರವನ್ನು ಬಳಸಬಹುದು. ಊಟದ ವಿರಾಮವೂ ಸೇರಿ ದಿನಕ್ಕೆ ನಾಲ್ಕು ಬಾರಿ ಅಲ್ಲಿಗೆ ಹೋಗಿ ಕೂಸನ್ನು ನೋಡಲು ತಾಯಿಗೆ ಅವಕಾಶವಿದೆ.

ಕೇಂದ್ರ ಹೆಸರಿಗಷ್ಟೇ ಇದೆಯೇ, ನಿಜವಾಗಿ ನಡೆಯುತ್ತಿದೆಯೇ ಎಂಬುದನ್ನು ಕಣ್ಣಾರೆ ನೋಡಿ ಬನ್ನಿ. ಮೂಲೆಯ ಕೋಣೆಯಲ್ಲಿ ಎರಡು ತೊಟ್ಟಿಲು, ಗೋಡೆಗೊಂದು ಗಿಳಿಯ ಚಿತ್ರ, ಬಾಗಿಲಿಗೆ ಬೀಗ, ಇಂಥದ್ದನ್ನು ಕೇಂದ್ರವೆನ್ನಲಾಗದು. ಆಯಾ ಯಾರು, ಎಷ್ಟು ತಿಂಗಳ ಕೂಸನ್ನು ಸೇರಿಸಿಕೊಳ್ಳುತ್ತಾರೆ, ಫ್ರಿಜ್ ಇದೆಯೇ, ಪಾಳಿಯ ಪೂರ್ಣ ಅವಧಿ ತೆರೆದಿರುತ್ತದೆಯೇ ಎಂದು ಕೇಳಿ, ಉತ್ತರವನ್ನು ಬರೆದಿಟ್ಟುಕೊಳ್ಳಿ.

ಹಂತ 5: ಕೊಡದಿದ್ದರೆ ಮುಂದೇನು

ಮೊದಲು ದಿನಚರಿ ಇಡಿ. ಯಾವ ದಿನ ವಿರಾಮ ಕೇಳಿದಿರಿ, ಯಾರು ಏನು ಹೇಳಿದರು, ಯಾರು ಜೊತೆಗಿದ್ದರು ಎಂಬುದನ್ನು ಅಂದಂದೇ ಬರೆಯಿರಿ. ಬಾಯಿಮಾತಿನಲ್ಲಿ ನಿರಾಕರಿಸಿದರೆ ಅದೇ ದಿನ ಸಂಜೆ "ಇಂದು ತಾವು ತಿಳಿಸಿದಂತೆ ನನಗೆ ವಿರಾಮ ಕೊಡಲಾಗುವುದಿಲ್ಲ ಎಂದು ಅರ್ಥ ಮಾಡಿಕೊಂಡಿದ್ದೇನೆ, ತಪ್ಪಿದ್ದರೆ ತಿಳಿಸಿ" ಎಂದು ಒಂದು ಸಾಲಿನ ಇಮೇಲ್ ಕಳುಹಿಸಿ. ಎಷ್ಟೋ ಕಡೆ ವಿಷಯ ಇಲ್ಲಿಗೇ ಮುಗಿಯುತ್ತದೆ, ಏಕೆಂದರೆ ಬರವಣಿಗೆಯಲ್ಲಿ ಇಲ್ಲವೆನ್ನಲು ಯಾರಿಗೂ ಮನಸ್ಸಿರುವುದಿಲ್ಲ.

ಮುಗಿಯದಿದ್ದರೆ ಕಾರ್ಮಿಕ ಇಲಾಖೆಗೆ ಹೋಗಿ. ಹಿಂದೆ ಕಾರ್ಮಿಕ ನಿರೀಕ್ಷಕರು ಎನ್ನುತ್ತಿದ್ದವರನ್ನು ಹೊಸ ಸಂಹಿತೆ ಇನ್‌ಸ್ಪೆಕ್ಟರ್-ಕಮ್-ಫೆಸಿಲಿಟೇಟರ್ ಎಂದು ಕರೆಯುತ್ತದೆ. ಬೆಂಗಳೂರಿನಲ್ಲಿ ಇಲಾಖೆಯ ಕೇಂದ್ರ ಕಚೇರಿ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿದೆ, ಜಿಲ್ಲೆಗಳಲ್ಲಿ ಇಲಾಖೆಯ ಸ್ಥಳೀಯ ಕಚೇರಿಗಳಿವೆ. ಕಾರ್ಖಾನೆಯಾದರೆ ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆಗೂ ಪ್ರತಿ ಕಳುಹಿಸಿ. ಬ್ಯಾಂಕ್, ರೈಲ್ವೆ, ಗಣಿಗಳಂತಹ ಕ್ಷೇತ್ರಗಳು ಕೇಂದ್ರ ಕಾರ್ಮಿಕ ಆಯುಕ್ತರ ವ್ಯಾಪ್ತಿಗೆ ಬರುತ್ತವೆ. ಕಾರ್ಮಿಕ ಸಂಘವಿದ್ದರೆ ಅದರ ಮೂಲಕವೇ ಹೋಗಿ. ಒಬ್ಬಳ ಸಹಿಗಿಂತ ಸಂಘದ ಲೆಟರ್‌ಹೆಡ್ಡಿಗೆ ಉತ್ತರ ಬೇಗ ಬರುತ್ತದೆ.

ಹೆರಿಗೆ ರಜೆಯಲ್ಲಿರುವಾಗ ಆ ಕಾರಣಕ್ಕೆ ಕೆಲಸದಿಂದ ತೆಗೆಯುವುದು ಕಾನೂನುಬಾಹಿರ. ಅಂಥ ಆದೇಶ ಕೈಸೇರಿದ 60 ದಿನಗಳೊಳಗೆ ಸಕ್ಷಮ ಪ್ರಾಧಿಕಾರಕ್ಕೆ ಮೇಲ್ಮನವಿ ಸಲ್ಲಿಸಬೇಕು. ಈ ಗಡುವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಬಾಣಂತನದ ನಿದ್ದೆಗೇಡಿನಲ್ಲಿ ದಿನಗಳು ಜಾರುವುದೇ ಗೊತ್ತಾಗುವುದಿಲ್ಲ.

ಸಹೋದ್ಯೋಗಿಗಳು ಎದೆಹಾಲಿನ ಬಗ್ಗೆ, ಮೈಯ ಬಗ್ಗೆ ಅಶ್ಲೀಲವಾಗಿ ಮಾತನಾಡಿದರೆ, ಕೊಠಡಿಯೊಳಗೆ ಇಣುಕಿದರೆ ಅದು ಲೈಂಗಿಕ ಕಿರುಕುಳ. 2013ರ ಕಾಯ್ದೆಯ ಪ್ರಕಾರ ಹತ್ತು ಜನರಿರುವ ಪ್ರತಿ ಸಂಸ್ಥೆಯಲ್ಲೂ ಆಂತರಿಕ ಸಮಿತಿ ಇರಬೇಕು, ಘಟನೆಯ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು. ಹತ್ತಕ್ಕಿಂತ ಕಡಿಮೆ ಜನರಿದ್ದರೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿ ಇದೆ. ಮನೆಗೆಲಸದವರೂ ಅಲ್ಲಿಗೆ ಹೋಗಬಹುದು.

ಹಂತ 6: ಸಾರ್ವಜನಿಕ ಸ್ಥಳದಲ್ಲಿ

ಸಾರ್ವಜನಿಕ ಸ್ಥಳದಲ್ಲಿ ಹಾಲೂಡಿಸುವುದು ಅಪರಾಧವಲ್ಲ. ಯಾವ ಕಾನೂನೂ ಅದನ್ನು ನಿಷೇಧಿಸಿಲ್ಲ. ಈ ವಿಷಯದಲ್ಲಿ ಕರ್ನಾಟಕ ಹೈಕೋರ್ಟಿನ ಒಂದು ತೀರ್ಪನ್ನು ನಮ್ಮ ತಾಯಂದಿರು ಅವಶ್ಯವಾಗಿ ತಿಳಿದಿರಬೇಕು. 2020ರಲ್ಲಿ ಬೆಂಗಳೂರಿನ ಆಸ್ಪತ್ರೆಯೊಂದರಿಂದ ಕಳುವಾದ ಕೂಸು ಕೊಪ್ಪಳದ ದಂಪತಿಯ ಬಳಿ ಬೆಳೆಯುತ್ತಿತ್ತು. ಹೆತ್ತ ತಾಯಿ ಮತ್ತು ಸಾಕುತಾಯಿಯ ನಡುವಿನ ವ್ಯಾಜ್ಯ ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅವರ ಮುಂದೆ ಬಂತು. 2021ರ ಸೆಪ್ಟೆಂಬರಿನಲ್ಲಿ ಅವರು ಹಾಲೂಡಿಸುವುದು ತಾಯಿಯಿಂದ ಕಸಿದುಕೊಳ್ಳಲಾಗದ ಹಕ್ಕು, ಹಾಲು ಕುಡಿಯುವ ಕೂಸಿನ ಹಕ್ಕೂ ಅದರೊಡನೆ ಬೆಸೆದುಕೊಂಡಿದೆ, ಬದುಕುವ ಹಕ್ಕನ್ನು ಕೊಡುವ ಸಂವಿಧಾನದ 21ನೇ ವಿಧಿ ಇದನ್ನು ಕಾಯುತ್ತದೆ ಎಂದರು. ತನ್ನದಲ್ಲದ ತಪ್ಪಿಗೆ ಆ ಕೂಸು ಇಷ್ಟು ದಿನ ಎದೆಹಾಲಿಲ್ಲದೆ ಉಳಿಯಿತಲ್ಲ ಎಂದು ನ್ಯಾಯಾಲಯವೇ ನೊಂದುಕೊಂಡಿತು.

2025ರ ಫೆಬ್ರುವರಿ 19ರಂದು ಸುಪ್ರೀಂ ಕೋರ್ಟ್, "ಮಾತೃ ಸ್ಪರ್ಶ್" ಪ್ರಕರಣದಲ್ಲಿ, ಇದೇ ಮಾತನ್ನು ದೇಶಕ್ಕೆಲ್ಲ ಅನ್ವಯಿಸಿ ಹೇಳಿತು. ಪೀಠದಲ್ಲಿದ್ದವರು ನಮ್ಮ ನಾಡಿನವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಮತ್ತು ನ್ಯಾಯಮೂರ್ತಿ ಪಿ.ಬಿ. ವರಾಳೆ. ಸಾರ್ವಜನಿಕ ಕಟ್ಟಡಗಳಲ್ಲಿ ಹಾಲೂಡಿಸುವ ಕೊಠಡಿ, ಶಿಶುಪಾಲನಾ ಕೇಂದ್ರ ಇರಬೇಕೆಂದು ಕೇಂದ್ರ ಸರ್ಕಾರ 2024ರ ಫೆಬ್ರುವರಿ 27ರಂದು ರಾಜ್ಯಗಳಿಗೆ ಬರೆದಿತ್ತು. ಅದನ್ನು ಕಾರ್ಯಗತ ಮಾಡಿಸುವಂತೆ ಪೀಠ ನಿರ್ದೇಶಿಸಿತು. ಸಾರ್ವಜನಿಕವಾಗಿ ಹಾಲೂಡಿಸುವುದಕ್ಕೆ ಕಳಂಕ ಹಚ್ಚಬಾರದು, ಹೆಣ್ಣಿನ ಘನತೆಗೆ ಕುಂದು ತರುವ ಆಚರಣೆಗಳನ್ನು ಬಿಡುವುದು ಪ್ರತಿ ನಾಗರಿಕರ ಮೂಲಭೂತ ಕರ್ತವ್ಯ ಎಂಬುದನ್ನೂ ನೆನಪಿಸಿತು. ಹಾಲೂಡಿಸುವ ಚಿತ್ರವನ್ನು ಮುಖಪುಟದಲ್ಲಿ ಹಾಕಿದ ಮಲಯಾಳಂ ಪತ್ರಿಕೆಯೊಂದರ ವಿರುದ್ಧ ಬಂದ ದೂರನ್ನು ಕೇರಳ ಹೈಕೋರ್ಟ್ 2018ರಲ್ಲಿಯೇ ತಳ್ಳಿಹಾಕಿ, ಅದರಲ್ಲಿ ಅಶ್ಲೀಲತೆ ಇಲ್ಲವೆಂದಿತ್ತು.

ಬೆಂಚಿನ ಮೇಲೆ ಕುಳಿತು ಕೂಸನ್ನು ಎದೆಗೆ ಹಿಡಿದಿದ್ದೀರಿ, ಒಬ್ಬರು ಬಂದು "ಇಲ್ಲೆಲ್ಲ ಇದು ಸರಿಯಲ್ಲಮ್ಮ, ಆ ಕಡೆ ಹೋಗಿ" ಎನ್ನುತ್ತಾರೆ. ಆಗ ಕಲಮು ಹೇಳಬೇಕಾಗಿಲ್ಲ. "ಮಗುವಿಗೆ ಹಸಿವಾಗಿದೆ, ಹಾಲು ಕುಡಿಸುತ್ತಿದ್ದೇನೆ. ಇದಕ್ಕೆ ಯಾವ ನಿಷೇಧವೂ ಇಲ್ಲ" ಎಂದಷ್ಟೇ ಹೇಳಿ ಕುಳಿತಲ್ಲೇ ಇರಿ. ಸೆರಗು ಹೊದೆಯುವುದು, ಬಿಡುವುದು ನಿಮ್ಮ ಅನುಕೂಲಕ್ಕೆ ಬಿಟ್ಟದ್ದು, ಕಾನೂನು ಅದನ್ನು ಕೇಳುವುದಿಲ್ಲ. ಹೋಟೆಲ್ ಅಥವಾ ಮಾಲ್‌ನವರು ಎಬ್ಬಿಸಿದರೆ ಮ್ಯಾನೇಜರನ್ನು ಕರೆಸಿ, ಯಾವ ನಿಯಮದಡಿ ಎಬ್ಬಿಸುತ್ತಿದ್ದೀರಿ ಎಂದು ಬರೆದುಕೊಡಲು ಕೇಳಿ. ಅಂಗಡಿ, ಸಾರ್ವಜನಿಕ ಹೋಟೆಲು, ಮನರಂಜನೆಯ ಸ್ಥಳಗಳ ಪ್ರವೇಶದಲ್ಲಿ ಲಿಂಗದ ಆಧಾರದ ಮೇಲೆ ಯಾರನ್ನೂ ನಿರ್ಬಂಧಿಸುವಂತಿಲ್ಲ ಎಂದು ಸಂವಿಧಾನದ 15ನೇ ವಿಧಿಯ ಎರಡನೇ ಖಂಡ ಹೇಳುತ್ತದೆ. ಹೆಂಗಸು ಮಾತ್ರ ಮಾಡಬಲ್ಲ ಕೆಲಸಕ್ಕೆ ಹೊರಗೆ ಹಾಕಿದರೆ ಅದು ಲಿಂಗದ ಆಧಾರದ ನಿರ್ಬಂಧವೇ ಎಂದು ವಾದಿಸಲು ಇಲ್ಲಿ ಬಲವಾದ ನೆಲೆಯಿದೆ.

ಮೊಬೈಲಿನಲ್ಲಿ ಚಿತ್ರ ತೆಗೆಯುವವರ ವಿಷಯ ಬೇರೆ. ಮಹಿಳೆಯ ಮಾನಕ್ಕೆ ಕುಂದು ತರುವ ಉದ್ದೇಶದ ಮಾತು, ಸನ್ನೆ, ಖಾಸಗಿತನಕ್ಕೆ ನುಗ್ಗುವ ವರ್ತನೆಗೆ ಭಾರತೀಯ ನ್ಯಾಯ ಸಂಹಿತೆಯ 79ನೇ ಕಲಮಿನಡಿ ಮೂರು ವರ್ಷದವರೆಗೆ ಸೆರೆವಾಸವಿದೆ. ಹಾಲೂಡಿಸುವ ಕೊಠಡಿಯೊಳಗೆ ಇಣುಕಿ ನೋಡಿದರೆ, ಚಿತ್ರ ತೆಗೆದರೆ 77ನೇ ಕಲಮು ಅನ್ವಯಿಸುತ್ತದೆ. ಮೊದಲ ಅಪರಾಧಕ್ಕೇ ಕನಿಷ್ಠ ಒಂದು ವರ್ಷ ಶಿಕ್ಷೆ. ಖಾಸಗಿ ಅಂಗದ ಚಿತ್ರವನ್ನು ಒಪ್ಪಿಗೆಯಿಲ್ಲದೆ ತೆಗೆಯುವುದು, ಹಂಚುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಮಿನಡಿ ಅಪರಾಧ. ಸಾರ್ವಜನಿಕ ಸ್ಥಳದಲ್ಲಿದ್ದ ಮಾತ್ರಕ್ಕೆ ಆ ರಕ್ಷಣೆ ತಪ್ಪುವುದಿಲ್ಲ.

ಮೊಬೈಲ್ ಕಸಿಯಲು ಹೋಗಬೇಡಿ, ಮಡಿಲಲ್ಲಿ ಕೂಸಿದೆ. ಸುತ್ತಲಿನವರಿಗೆ ಕೇಳುವಂತೆ ಗಟ್ಟಿಯಾಗಿ "ನನ್ನ ಚಿತ್ರ ತೆಗೆಯುತ್ತಿದ್ದಾರೆ" ಎಂದು ಹೇಳಿ, 112ಕ್ಕೆ ಕರೆ ಮಾಡಿ, ಸ್ಥಳ, ಸಮಯ, ಸಿಸಿಟಿವಿ ಕ್ಯಾಮೆರಾ ಎಲ್ಲಿದೆ ಎಂಬುದನ್ನು ಗುರುತಿಟ್ಟುಕೊಳ್ಳಿ. ಯಾವ ಠಾಣೆಯ ವ್ಯಾಪ್ತಿ ಎಂದು ಹುಡುಕಿ ಅಲೆಯಬೇಕಾಗಿಲ್ಲ, ಹತ್ತಿರದ ಠಾಣೆಯಲ್ಲಿಯೇ ಜೀರೋ ಎಫ್‌ಐಆರ್ ದಾಖಲಿಸಬಹುದು. ಚಿತ್ರ ಅಂತರ್ಜಾಲಕ್ಕೆ ಬಂದಿದ್ದರೆ ವಿಳಾಸ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಕೊಡಿ, ಆ ಜಾಲತಾಣಕ್ಕೂ ಬರೆಯಿರಿ.

ಹಂತ 7: ಕೊಠಡಿ ಇಲ್ಲದ ಕಡೆ ಕೊಠಡಿ ಕೇಳಿ

ನಿಮ್ಮ ಊರಿನ ಬಸ್ ನಿಲ್ದಾಣದಲ್ಲಿ, ತಾಲ್ಲೂಕು ಕಚೇರಿಯಲ್ಲಿ, ನ್ಯಾಯಾಲಯದ ಆವರಣದಲ್ಲಿ ಹಾಲೂಡಿಸುವ ಕೊಠಡಿ ಇಲ್ಲದಿದ್ದರೆ ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಮೂರೇ ಪ್ರಶ್ನೆ ಸಾಕು: 2025ರ ಫೆಬ್ರುವರಿ 19ರ ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ ಈ ಕಚೇರಿ ಕೈಗೊಂಡ ಕ್ರಮವೇನು, ಕೊಠಡಿಗೆ ಗುರುತಿಸಿದ ಜಾಗ ಯಾವುದು, ಇದ್ದರೆ ಅದರ ಬೀಗದ ಕೈ ಯಾರ ಬಳಿ ಇದೆ. ಸಾಮಾನ್ಯವಾಗಿ 30 ದಿನಗಳಲ್ಲಿ ಉತ್ತರ ಕೊಡಬೇಕು. ಹಳೆಯ ಕಟ್ಟಡಗಳಲ್ಲಿ ಸಾಧ್ಯವಾದಷ್ಟು ಮಟ್ಟಿಗೆ ಜಾಗ ಮಾಡಬೇಕು, ಹೊಸದಾಗಿ ಕಟ್ಟುವವುಗಳಲ್ಲಿ ನಕ್ಷೆಯ ಹಂತದಲ್ಲಿಯೇ ಜಾಗ ಬಿಡಬೇಕು ಎಂಬುದು ತೀರ್ಪಿನ ಆಶಯ. ಹಾಗಾಗಿ ಊರಿನಲ್ಲಿ ಹೊಸ ನಿಲ್ದಾಣ, ಹೊಸ ಆಸ್ಪತ್ರೆ ಕಟ್ಟುವ ಸುದ್ದಿ ಬಂದಾಗಲೇ ಅರ್ಜಿ ಹಾಕುವುದು ಜಾಣತನ.

ಹೊರದೇಶದಲ್ಲಿರುವ ಕನ್ನಡತಿಯರಿಗೆ ಎರಡು ಮಾತು. ಬ್ರಿಟನ್ನಿನಲ್ಲಿ 2010ರ ಸಮಾನತಾ ಕಾಯ್ದೆಯ ಪ್ರಕಾರ ಹಾಲೂಡಿಸುತ್ತಿರುವುದಕ್ಕಾಗಿ ಅಂಗಡಿ, ಹೋಟೆಲಿನಿಂದ ಕಳುಹಿಸುವುದು ತಾರತಮ್ಯ. ಸ್ಕಾಟ್ಲೆಂಡಿನಲ್ಲಿ 2005ರ ಕಾಯ್ದೆಯಂತೆ ಎರಡು ವರ್ಷದೊಳಗಿನ ಮಗುವಿಗೆ ಹಾಲು ಕುಡಿಸುವುದನ್ನು ತಡೆಯುವುದು ಅಪರಾಧವೇ ಆಗಿದೆ. ಅಮೆರಿಕದ ಐವತ್ತೂ ರಾಜ್ಯಗಳಲ್ಲಿ ಸಾರ್ವಜನಿಕವಾಗಿ ಹಾಲೂಡಿಸಬಹುದು. 2022ರ ಡಿಸೆಂಬರಿನಲ್ಲಿ ಬಂದ ಪಂಪ್ ಕಾಯ್ದೆ ಹೆರಿಗೆಯ ನಂತರ ಒಂದು ವರ್ಷದವರೆಗೆ ಬಹುಪಾಲು ಉದ್ಯೋಗಿಗಳಿಗೆ ಹಾಲು ಹಿಂಡಲು ಸಮಯವನ್ನೂ, ಶೌಚಾಲಯವಲ್ಲದ ಖಾಸಗಿ ಜಾಗವನ್ನೂ ಕೊಟ್ಟಿದೆ.

ವಕೀಲರ ಖರ್ಚಿನ ಬಗ್ಗೆ

ಮಹಿಳೆಯರಿಗೆ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಪಡೆಯುವ ಹಕ್ಕನ್ನು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಕೊಟ್ಟಿದೆ. ಪ್ರತಿ ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿ ಕಾನೂನು ಸೇವಾ ಸಮಿತಿ, ಜಿಲ್ಲಾ ನ್ಯಾಯಾಲಯದಲ್ಲಿ ಪ್ರಾಧಿಕಾರದ ಕಚೇರಿ ಇರುತ್ತದೆ. ಸಹಾಯವಾಣಿ 15100. ತುರ್ತು ಮಾತಿಗೆ ಮಹಿಳಾ ಸಹಾಯವಾಣಿ 181. ಹೋಗುವಾಗ ಕೂಸಿನ ಜನನ ಪ್ರಮಾಣಪತ್ರ, ನೇಮಕಾತಿ ಪತ್ರ, ಮೂರು ತಿಂಗಳ ಸಂಬಳದ ಚೀಟಿ, ನೀವು ಕಳುಹಿಸಿದ ಪತ್ರದ ಪ್ರತಿ ಮತ್ತು ದಿನಚರಿಯ ಪುಟಗಳನ್ನು ಒಯ್ಯಿರಿ. ಇಷ್ಟು ಕೈಯಲ್ಲಿದ್ದರೆ ವಕೀಲರು ಮೊದಲ ಭೇಟಿಯಲ್ಲಿಯೇ ನೋಟಿಸಿನ ಕರಡು ಸಿದ್ಧಪಡಿಸಬಹುದು.